ಮಂದ್ರ ಸ್ವರಕ್ಕೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು? ಬೇಸ್ ಗಿಟಾರ್ ಆಂಪ್ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗಳು ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಒಂದೂವರೆ ವರ್ಷದಿಂದ ನಾಲ್ಕು ತಂತಿಯ ಬೇಸ್ ಗಿಟಾರ್ ಕಲಿಯುತ್ತಿದ್ದಾಳೆ. ಇದುವರೆಗೆ ಗುರುಗಳ ಮನೆಯ ಆಂಪ್‌ನಲ್ಲೇ ಅಭ್ಯಾಸ ನಡೆದಿತ್ತು. ಈಗ ಕಾಲೇಜಿನ ತಂಡದಲ್ಲಿ ನುಡಿಸುವ ಅವಕಾಶ ಬಂದಿದೆ. ವಾರಕ್ಕೊಮ್ಮೆ ಗೆಳತಿಯೊಬ್ಬಳ ಮನೆಯ ಮಹಡಿಯಲ್ಲಿ ತಾಲೀಮು ಇರುತ್ತದೆ. ನಾವಿರುವುದು ಅಪಾರ್ಟ್‌ಮೆಂಟಿನ ಮೂರನೆಯ ಅಂತಸ್ತಿನಲ್ಲಿ. ಅವಳ ಕೋಣೆಯ ಅಳತೆ 10 ಅಡಿಗೆ 12 ಅಡಿ. ಆಂಪನ್ನು ಅವಳೇ ಎತ್ತಿ ಆಟೊದಲ್ಲಿ ಇಟ್ಟುಕೊಂಡು ಹೋಗುವಂತಿರಬೇಕು. ಅಂಗಡಿಯವರೊಬ್ಬರು 15 ವ್ಯಾಟ್ ಸಾಕು ಎಂದರೆ, ಇನ್ನೊಬ್ಬರು 100 ವ್ಯಾಟ್‌ಗಿಂತ ಕಡಿಮೆಯದನ್ನು ಕೊಂಡರೆ ದುಡ್ಡು ದಂಡ ಎನ್ನುತ್ತಾರೆ. ನಾನು ಸಂಗೀತ ಬಲ್ಲವನಲ್ಲ, ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲೂ ಇಲ್ಲ. ಏನನ್ನು ನೋಡಿ ಆರಿಸಬೇಕು?
(ಓದುಗರೊಬ್ಬರು, ಮೈಸೂರು)

ಉತ್ತರ: ಅಂಗಡಿಯವರಿಬ್ಬರೂ ವ್ಯಾಟ್ ಲೆಕ್ಕದಲ್ಲೇ ಮಾತನಾಡಿದ್ದಾರೆ, ಆ ಲೆಕ್ಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಕಾರಣಗಳನ್ನು ವಿವರಿಸುವುದಕ್ಕೆ ಮುಂಚೆ ನನ್ನ ತೀರ್ಮಾನವನ್ನೇ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಬೇಕಾದದ್ದು 10 ಇಂಚಿನ ಒಂದು ಸ್ಪೀಕರ್ ಇರುವ, 40ರಿಂದ 50 ವ್ಯಾಟ್ ಶಕ್ತಿಯ, ಹೆಡ್‌ಫೋನ್ ಜ್ಯಾಕ್ ಮತ್ತು ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಮಾದರಿಯ ಡಿ.ಐ. ಔಟ್‌ಪುಟ್ (ಬೇಸ್‌ನ ದನಿಯನ್ನು ನೇರವಾಗಿ ಸೌಂಡ್‌ನವರ ಮಿಕ್ಸರ್‌ಗೆ ಕಳುಹಿಸುವ ಜ್ಯಾಕ್) ಎರಡೂ ಇರುವ, ಒಂದೇ ಕೈಯಲ್ಲಿ ಎತ್ತಬಹುದಾದ ಕಾಂಬೊ. ಆಂಪ್ಲಿಫೈಯರ್ ಮತ್ತು ಸ್ಪೀಕರ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಆಂಪಿಗೆ ಕಾಂಬೊ ಎಂದು ಹೆಸರು. ಈ ಪಟ್ಟಿಯಲ್ಲಿ ಹಣದ ಕೊರತೆಯಿಂದ ಏನನ್ನಾದರೂ ಬಿಡಬೇಕಾಗಿ ಬಂದರೆ ಹತ್ತು ವ್ಯಾಟ್ ಬಿಡಿ, ಡಿ.ಐ. ಔಟ್‌ಪುಟ್ ಬಿಡಬೇಡಿ.

ಬೇಸ್ ಗಿಟಾರ್‌ಗೆ ಬೇರೆಯೇ ಆಂಪ್ ಏಕೆ ಬೇಕು ಎಂಬಲ್ಲಿಂದ ಆರಂಭಿಸಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಅದರ ನಾಲ್ಕು ತಂತಿಗಳಾದ ಇ, ಎ, ಡಿ, ಜಿ ಕ್ರಮವಾಗಿ ಸೆಕೆಂಡಿಗೆ ಸುಮಾರು 41, 55, 73 ಮತ್ತು 98 ಸಲ ಕಂಪಿಸುತ್ತವೆ. ಸಾಮಾನ್ಯ ಗಿಟಾರ್‌ನ ಅತಿ ದಪ್ಪ ತಂತಿಯ ಕಂಪನ 82 ಹರ್ಟ್ಸ್. ಅಂದರೆ ಬೇಸ್ ಅದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಒಂದು ಸ್ವರವನ್ನು ಅಷ್ಟೇ ಬಲದಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಸಬೇಕಾದರೆ ಸ್ಪೀಕರ್ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ಸಾಲದ್ದಕ್ಕೆ ನಮ್ಮ ಕಿವಿಯೂ ತಗ್ಗು ಸ್ವರಗಳಿಗೆ ಮಂದವಾಗಿ ಸ್ಪಂದಿಸುತ್ತದೆ. ಇದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹೀಗಾಗಿ ಬೇಸ್ ಆಂಪ್‌ನ ನಿಜವಾದ ಕೆಲಸ ಗಾಳಿ ತಳ್ಳುವುದು, ಮತ್ತು ಅದನ್ನು ಮಾಡುವುದು ಸ್ಪೀಕರ್‌ನ ಕೋನ್ (ಮುಂದೆ ಕಾಣುವ, ಕಂಪಿಸುವ ಬಟ್ಟಲಿನಾಕಾರದ ಭಾಗ) ಹಾಗೂ ಅದನ್ನು ಹೊತ್ತ ಮರದ ಪೆಟ್ಟಿಗೆ. ವ್ಯಾಟ್ ಎಂಬುದು ಆ ಕೋನ್ ಅನ್ನು ದೂಡುವ ತೋಳಿನ ಬಲ ಮಾತ್ರ.

ಕೋನ್‌ನ ಹರವನ್ನು ವ್ಯಾಸದ ವರ್ಗದಿಂದ ಅಂದಾಜು ಮಾಡಬಹುದು. 8 ಇಂಚಿನದಕ್ಕೆ 64, 10 ಇಂಚಿನದಕ್ಕೆ 100, 12 ಇಂಚಿನದಕ್ಕೆ 144 ಎಂದು ಹೋಲಿಸಿ ನೋಡಿದರೆ, ಎಂಟರಿಂದ ಹತ್ತಕ್ಕೆ ಹೋದಾಗ ನಿಮಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ಹರವು ಸಿಗುತ್ತದೆ ಎಂಬುದು ಕಾಣುತ್ತದೆ. ಇದರ ಜೊತೆಗೆ ಪೆಟ್ಟಿಗೆಯ ಗಾತ್ರವೂ ಬೆಳೆಯುತ್ತದೆ. ಸ್ಪೀಕರ್ ತಯಾರಕರಲ್ಲಿ ಹಾಫ್‌ಮನ್ ಅವರ ಕಬ್ಬಿಣದ ನಿಯಮ ಎಂಬ ಮಾತಿದೆ: ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚು ಗಟ್ಟಿ ದನಿ, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಲು ಸಾಧ್ಯ. ನೀವು ಚಿಕ್ಕ ಪೆಟ್ಟಿಗೆಯನ್ನು ಆಗಲೇ ಆರಿಸಿಕೊಂಡಿದ್ದೀರಿ, ಏಕೆಂದರೆ ಅದು ಆಟೊದಲ್ಲಿ ಹೋಗಬೇಕು. ತಂಡದಲ್ಲಿ ಕೇಳಿಸಬೇಕಾದ್ದರಿಂದ ಗಟ್ಟಿ ದನಿಯೂ ಬೇಕೇ ಬೇಕು. ಉಳಿದಿರುವುದು ಆಳವಾದ ಮಂದ್ರ, ಬಿಟ್ಟುಕೊಡಬೇಕಾದದ್ದು ಅದನ್ನೇ.

ಇದನ್ನು ಓದಿ ನಿರಾಶರಾಗಬೇಡಿ, ಏಕೆಂದರೆ ಈ ನಷ್ಟವನ್ನು ಬಹುಮಟ್ಟಿಗೆ ಕಿವಿಯೇ ತುಂಬಿಕೊಡುತ್ತದೆ. ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿ ಸುಮ್ಮನೆ ಕೇಳಿದರೆ ಯಾರೂ ನುಡಿಸದ ಗಾಂಧಾರವೊಂದು ಅದರೊಳಗಿಂದ ಏಳುವುದನ್ನು ನಮ್ಮ ಸಂಗೀತಗಾರರು ಬಲ್ಲರು. ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಮೀಟಿದ ಯಾವ ತಂತಿಯೂ ಒಂದೇ ಸ್ವರವನ್ನು ಹೊಮ್ಮಿಸುವುದಿಲ್ಲ. ಬೇಸ್‌ನ ಇ ತಂತಿಯಲ್ಲೂ 41ರ ಜೊತೆಗೆ 82, 123, 164 ಹೀಗೆ ಮೇಲ್ಸ್ವರಗಳ ಸಾಲೇ ಇರುತ್ತದೆ. ಈ ಸಾಲಿನ ಮೇಲಿನ ಮೆಟ್ಟಿಲುಗಳು ಸ್ಪಷ್ಟವಾಗಿ ಕೇಳಿಸಿದರೆ ಸಾಕು, ಕೆಳಗಿನ 41 ಕ್ಷೀಣವಾಗಿದ್ದರೂ ಮಿದುಳು ಅದನ್ನು ಊಹಿಸಿ ಕೂಡಿಸಿಕೊಳ್ಳುತ್ತದೆ. ಮೊಬೈಲ್ ಫೋನಿನ ಉಗುರಗಲದ ಸ್ಪೀಕರ್‌ನಲ್ಲಿ ಹಾಡು ಕೇಳುವಾಗಲೂ ಬೇಸ್ ಯಾವ ಸ್ವರದಲ್ಲಿದೆ ಎಂದು ನಮಗೆ ತಿಳಿಯುವುದು ಇದರಿಂದಲೇ. ಆದ್ದರಿಂದ ಚಿಕ್ಕ ಕಾಂಬೊ ಕೊಳ್ಳುವವರು ಯಾವುದು ಹೆಚ್ಚು ಗುಡುಗುತ್ತದೆ ಎಂದು ಹುಡುಕಬಾರದು. 80ರಿಂದ 300 ಹರ್ಟ್ಸ್‌ವರೆಗಿನ ಭಾಗದಲ್ಲಿ ಯಾವುದು ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ ಎಂದು ಹುಡುಕಬೇಕು. 8 ಇಂಚಿನ ಆಂಪ್‌ಗಳು ಕೋಣೆಯಲ್ಲಿ ಇದನ್ನು ಚೆನ್ನಾಗಿಯೇ ಮಾಡುತ್ತವೆ, ಆದರೆ ತಾಲೀಮಿನಲ್ಲಿ ದನಿ ಏರಿಸಿದೊಡನೆ ಕೋನ್ ತನ್ನ ಮಿತಿ ಮೀರಿ ಪಟಪಟ ಎನ್ನತೊಡಗುತ್ತದೆ. 10 ಇಂಚಿನದು ಆ ಮಿತಿಯನ್ನು ತಾಲೀಮಿಗೆ ಸಾಲುವಷ್ಟು ದೂರಕ್ಕೆ ತಳ್ಳುತ್ತದೆ. 12 ಇಂಚಿನದು ಇನ್ನೂ ಚೆನ್ನ, ಆದರೆ ಅದರ ಪೆಟ್ಟಿಗೆಯೂ ಬೆಲೆಯೂ ಒಂದು ಮೆಟ್ಟಿಲು ಮೇಲೆ ಹೋಗುತ್ತವೆ.

ಈಗ ವ್ಯಾಟ್‌ಗೆ ಬರೋಣ. ವ್ಯಾಟ್ ಎರಡು ಪಟ್ಟಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದನಿ ಎರಡರಷ್ಟಾಯಿತು ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಉಳಿದದ್ದೆಲ್ಲ ಒಂದೇ ಆಗಿದ್ದರೆ 40 ವ್ಯಾಟ್‌ಗೂ 50 ವ್ಯಾಟ್‌ಗೂ ಇರುವ ಅಂತರ ಕಿವಿಗೆ ತಿಳಿಯುವುದೇ ಕಷ್ಟ. ಒಂದು ಸ್ಪೀಕರ್ ಇನ್ನೊಂದಕ್ಕಿಂತ 3 ಡೆಸಿಬೆಲ್ ಹೆಚ್ಚು ಸಂವೇದನೆಯುಳ್ಳದ್ದಾಗಿದ್ದರೆ, ಅರ್ಧ ವ್ಯಾಟ್‌ನಲ್ಲೇ ಅಷ್ಟು ದನಿ ಕೊಡುತ್ತದೆ. ಇನ್ನೊಂದು ಎಚ್ಚರಿಕೆ: ಅಂಗಡಿಯ ಚೀಟಿಯಲ್ಲಿ ಪಿ.ಎಂ.ಪಿ.ಒ. ಎಂದು ಬರೆದ ಸಾವಿರಗಟ್ಟಲೆ ವ್ಯಾಟ್‌ಗಳಿಗೆ ಯಾವ ಅರ್ಥವೂ ಇಲ್ಲ. ಹಿಂಬದಿಯಲ್ಲಿ ವೈರ್ ಸೇರುವಲ್ಲಿ ಬರೆದಿರುವ ವ್ಯಾಟ್ ಆಂಪ್ ಎಳೆದುಕೊಳ್ಳುವ ವಿದ್ಯುತ್ತಿನದು, ಹೊರಗೆ ಕೊಡುವ ದನಿಯದಲ್ಲ. ಆಂಪ್ ಸತತವಾಗಿ ಕೊಡಬಲ್ಲ ಶಕ್ತಿಯನ್ನು ಸೂಚಿಸುವ, ಆರ್.ಎಂ.ಎಸ್. ಎಂದು ಬರೆದ ಅಂಕಿಯನ್ನೇ ಕೇಳಿ ತಿಳಿದುಕೊಳ್ಳಿ.

ತಾಲೀಮಿನಲ್ಲಿ ಪೂರ್ಣ ಡ್ರಮ್ ಸೆಟ್ ಇದ್ದು, ನುಡಿಸುವವರು ಜೋರಿನವರಾಗಿದ್ದರೆ 40 ವ್ಯಾಟ್ ಸಾಲುವುದಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಕಹೋನ್ (ಮೇಲೆ ಕುಳಿತು ಕೈಯಿಂದ ಬಡಿಯುವ ಪೆಟ್ಟಿಗೆಯ ವಾದ್ಯ), ತಬಲ, ಅಕೌಸ್ಟಿಕ್ ಗಿಟಾರ್, ಕೀಬೋರ್ಡ್, ಹಾಡುಗಾರಿಕೆ ಇರುವ ತಂಡದಲ್ಲಿ ಅದು ಧಾರಾಳವಾಗಿ ಸಾಕು. ಡ್ರಮ್ ಇದ್ದೇ ಇದೆ ಎನ್ನುವುದಾದರೆ 12 ಇಂಚು, 100 ವ್ಯಾಟ್‌ನಿಂದ ಲೆಕ್ಕ ಶುರುವಾಗುತ್ತದೆ. ಆ ಮಟ್ಟಿಗೆ ನಿಮ್ಮ ಎರಡನೆಯ ಅಂಗಡಿಯವರ ಮಾತಿನಲ್ಲಿ ಹುರುಳಿದೆ. ಆದರೆ ಅಂಥ ತಂಡ ವೇದಿಕೆ ಏರಿದಾಗ 100 ವ್ಯಾಟ್ ಆಂಪ್ ಕೂಡ ಸಭೆಯ ಕೊನೆಯ ಸಾಲನ್ನು ಮುಟ್ಟುವುದಿಲ್ಲ.

ಡಿ.ಐ. ಔಟ್‌ಪುಟ್ ಬೇಕೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ. ಈ ಜ್ಯಾಕ್‌ನಿಂದ ಹೊರಟ ಕೇಬಲ್ ನೇರವಾಗಿ ಸೌಂಡ್‌ನವರ ಮಿಕ್ಸರ್‌ಗೆ ಹೋಗುತ್ತದೆ. ಸಭೆಗೆ ಕೇಳಿಸುವ ಬೇಸ್ ಅವರ ದೊಡ್ಡ ಬಾಕ್ಸ್‌ಗಳಿಂದ ಬರುತ್ತದೆ, ಕಾಂಬೊ ವಾದಕಿಯ ಪಕ್ಕದಲ್ಲಿ ನಿಂತು ಅವಳಿಗೆ ಅವಳ ಸ್ವರವನ್ನು ಕೇಳಿಸುತ್ತದೆ. ನಾನು ಗಣೇಶನ ಹಬ್ಬದ ರಸಮಂಜರಿ ಕಾರ್ಯಕ್ರಮಗಳಲ್ಲಿ ನುಡಿಸುತ್ತಿದ್ದ ಕಾಲದಲ್ಲಿ 15 ಇಂಚಿನ ಸ್ಪೀಕರ್ ಇದ್ದ, ಇಬ್ಬರು ಹೊರಬೇಕಾದ ಪೆಟ್ಟಿಗೆಯೊಂದನ್ನು ಬಸ್ಸಿನ ತಲೆಯ ಮೇಲೇರಿಸಿ ಊರೂರಿಗೆ ಒಯ್ಯುತ್ತಿದ್ದೆ. ಅದಕ್ಕೆ ಡಿ.ಐ. ಔಟ್‌ಪುಟ್ ಇರಲಿಲ್ಲ. ಪೆಂಡಾಲಿನ ಮುಂದಿನ ಎರಡು ಸಾಲಿನವರ ಎದೆ ನಡುಗುತ್ತಿತ್ತು. ಹಿಂದೆ ಕುಳಿತ ನನ್ನ ತಾಯಿಗೆ ನಾನು ನುಡಿಸಿದ ಒಂದು ಸ್ವರವೂ ಕೇಳಿಸಿರಲಿಲ್ಲ. ಮನೆಗೆ ಬಂದ ಮೇಲೆ ಅವರು ನೊಂದುಕೊಂಡು ಅದನ್ನು ಹೇಳಿದ್ದು ಇಂದಿಗೂ ನನ್ನ ಮನಸ್ಸಿನಲ್ಲಿದೆ. ಇವತ್ತು ಒಂದು ಕೈಯಲ್ಲಿ ಎತ್ತುವ ಕಾಂಬೊ ಮತ್ತು ಒಂದು ಎಕ್ಸ್‌ಎಲ್‌ಆರ್ ಕೇಬಲ್ ಇದ್ದರೆ ಆ ತೊಂದರೆಯೇ ಇರುವುದಿಲ್ಲ.

ಬೇಸ್ ಅನ್ನು ನೇರವಾಗಿ ಮಿಕ್ಸರ್‌ಗೆ ಕೊಡುವುದು ಬಡತನದ ಉಪಾಯವೂ ಅಲ್ಲ. ಅಮೆರಿಕದ ವಾದ್ಯ ತಯಾರಕ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದು, ಮರುವರ್ಷವೇ ಅದಕ್ಕೆಂದು 15 ಇಂಚಿನ ಒಂದು ಸ್ಪೀಕರ್ ಇರುವ ಬೇಸ್‌ಮನ್ ಆಂಪ್ ಮಾಡಿದರು. 1960ರಲ್ಲಿ ಆಂಪೆಗ್ ಸಂಸ್ಥೆಯ ಬಿ-15 ಬಂತು. 25 ವ್ಯಾಟ್‌ನ ಆ ಆಂಪ್ ಇಂದಿಗೂ ವಾದಕರ ಕನಸಿನ ವಸ್ತುವಾಗಿ ಉಳಿದಿದೆ. ಅದನ್ನು ಕ್ಲಬ್‌ಗಳಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್, ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಧ್ವನಿಮುದ್ರಣಕ್ಕೆ ಕುಳಿತಾಗ ಅವರ ಬೇಸ್ ಆಂಪ್‌ನ ಮುಂದಿಟ್ಟ ಮೈಕಿನ ಮೂಲಕವಲ್ಲ, ನೇರವಾಗಿ ಮಿಕ್ಸರ್‌ಗೆ ಹೋಗುತ್ತಿತ್ತು. ಬೇಸ್ ನುಡಿಸುವ ಎಷ್ಟೋ ಮಂದಿ ಇಂದಿಗೂ ಅವರ ಆ ಮುದ್ರಣಗಳನ್ನು ಕೇಳಿಯೇ ಕಲಿಯುತ್ತಾರೆ.

ಡಿ.ಐ. ಇಲ್ಲದ ಆಂಪ್ ಆಗಲೇ ನಿಮ್ಮಲ್ಲಿದ್ದರೆ ಡಿ.ಐ. ಬಾಕ್ಸ್ ಎಂಬ ಪುಟ್ಟ ಡಬ್ಬಿಯನ್ನು ಬೇರೆಯಾಗಿಯೇ ಕೊಳ್ಳಬಹುದು. ಬ್ಯಾಟರಿಯಿಲ್ಲದ ಬೇಸ್ ಗಿಟಾರನ್ನು ಮಾತ್ರ ಏನೂ ನಡುವೆ ಇಡದೆ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಚುಚ್ಚಬಾರದು. ಅಲ್ಲಿಯ ಪ್ರತಿರೋಧ ಕಡಿಮೆ ಇರುವುದರಿಂದ ತಂತಿಯ ಮೇಲ್ಸ್ವರಗಳು ಸತ್ತು, ದನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ.

ಮಾದರಿಗಳ ಹೆಸರನ್ನೂ ನೀವು ನಿರೀಕ್ಷಿಸುತ್ತಿರಬಹುದು. ನಾನು ಮೊದಲು ಕೇಳಿ ನೋಡಿ ಎನ್ನುವುದು ಫೆಂಡರ್ ರಂಬಲ್ 40: 10 ಇಂಚು, 40 ವ್ಯಾಟ್, ಎಕ್ಸ್‌ಎಲ್‌ಆರ್ ಔಟ್‌ಪುಟ್, ತೂಕ ಸುಮಾರು 8 ಕೆ.ಜಿ. ಮಾತ್ರ. ಇದೇ ಸಾಲಿನ ರಂಬಲ್ 25ರಲ್ಲಿ 8 ಇಂಚಿನ ಸ್ಪೀಕರ್ ಇದ್ದು ಎಕ್ಸ್‌ಎಲ್‌ಆರ್ ಇಲ್ಲ. ಬೆಲೆಯ ವ್ಯತ್ಯಾಸ ನೋಡಿ ಅನೇಕರು ಅದನ್ನೇ ಕೊಂಡು, ಮೊದಲ ಕಾರ್ಯಕ್ರಮದ ದಿನವೇ ಪೇಚಿಗೆ ಸಿಲುಕುತ್ತಾರೆ. ಆಂಪೆಗ್‌ನ ರಾಕೆಟ್ ಬೇಸ್ ಆರ್‌ಬಿ-110 ಕೂಡ 10 ಇಂಚು, 50 ವ್ಯಾಟ್‌ನದು, ಡಿ.ಐ. ಔಟ್‌ಪುಟ್ ಇರುವಂಥದು, ಅದರ ದನಿಗೆ ಹಳೆಯ ಆಂಪೆಗ್‌ಗಳ ದುಂಡುತನವಿದೆ. ಬಾಸ್ ಸಂಸ್ಥೆಯ ಕಟಾನ-110 ಬೇಸ್ 60 ವ್ಯಾಟ್‌ನದು, ಬಗೆಬಗೆಯ ಎಫೆಕ್ಟ್‌ಗಳನ್ನು ಒಳಗೇ ಹೊತ್ತುಬಂದಿರುವುದರಿಂದ ಬೆಲೆಯೂ ಹೆಚ್ಚು. ಕಲಿಯುವವಳಿಗೆ ಅಷ್ಟು ಗುಂಡಿಗಳು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆರೆಂಜ್ ಸಂಸ್ಥೆಯ ಕ್ರಷ್ ಬೇಸ್ 25ರಲ್ಲಿ ಶ್ರುತಿ ತೋರಿಸುವ ಟ್ಯೂನರ್ ಒಳಗೇ ಇದೆ, ಹೆಡ್‌ಫೋನ್‌ನಲ್ಲೂ ಚೆನ್ನಾಗಿ ನುಡಿಯುತ್ತದೆ. ಮನೆಯ ಅಭ್ಯಾಸಕ್ಕೆ ಮಾತ್ರ ಎನ್ನುವವರಿಗೆ ಅದು ಒಳ್ಳೆಯ ಆಯ್ಕೆ. 4 ಇಂಚಿನ ಎರಡು ಸ್ಪೀಕರ್‌ಗಳಿಂದ ಅಚ್ಚರಿಯ ದನಿ ತೆಗೆಯುವ ಫಿಲ್ ಜೋನ್ಸ್ ಡಬಲ್ ಫೋರ್‌ನಂಥವೂ ಇವೆ. ಅಷ್ಟು ಸಣ್ಣ ಗಾತ್ರಕ್ಕೆ ತೆರಬೇಕಾದ ಬೆಲೆ ನಿಮ್ಮ ಮಿತಿಯೊಳಗೆ ಬರುವಂಥದಲ್ಲ.

ಅಂಗಡಿಗೆ ಹೋಗುವಾಗ ಮಗಳು ತನ್ನ ಬೇಸ್ ಅನ್ನೇ ಒಯ್ಯಲಿ. ಅಂಗಡಿಯ ದುಬಾರಿ ಬೇಸ್‌ನಲ್ಲಿ ನುಡಿಸಿ ಕೇಳಿದರೆ ಸಾಧಾರಣ ಆಂಪ್ ಕೂಡ ಹಿತವೆನಿಸುತ್ತದೆ. ಎಲ್ಲ ಗುಂಡಿಗಳನ್ನೂ ನಟ್ಟನಡುವೆ ನಿಲ್ಲಿಸಿ, ಕಾಂಟೂರ್ ಎಂಬ ಒತ್ತುಗುಂಡಿ ಇದ್ದರೆ ಅದನ್ನು ಆಫ್ ಮಾಡಿ ಆರಂಭಿಸಲಿ. ಆ ಗುಂಡಿ ನಡುವಿನ ಸ್ವರಗಳನ್ನು ತಗ್ಗಿಸಿ ಮೇಲು ಕೆಳಗನ್ನು ಉಬ್ಬಿಸುತ್ತದೆ. ಒಬ್ಬಳೇ ನುಡಿಸುವಾಗ ಅದು ಕಿವಿಗೆ ಜೇನು, ತಂಡದ ನಡುವೆ ಅದೇ ದನಿ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಬಳಿಕ ದನಿಯನ್ನು ಮುಕ್ಕಾಲು ಭಾಗಕ್ಕೆ ಏರಿಸಿ, ಇ ತಂತಿಯನ್ನು ಎಲ್ಲೂ ಒತ್ತದೆಯೂ, ಮೂರನೆಯ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಮೂರನೆಯ ಲೋಹದ ಪಟ್ಟಿಯ ಹಿಂದೆ) ಒತ್ತಿಯೂ ಬಲವಾಗಿ ಮೀಟಲಿ. ಅಲ್ಲಿ ದನಿ ಹರಿದಂತೆ ಆಗಬಾರದು, ಹಿಡಿಕೆಯೋ ಮುಂದಿನ ಜಾಲರಿಯೋ ಗಲಗಲ ಎನ್ನಬಾರದು. ನಿಧಾನವಾಗಿ ಮೇಲಿನ ಫ್ರೆಟ್‌ಗಳಿಗೆ ಹತ್ತಿದಾಗ ಯಾವುದೋ ಒಂದು ಸ್ವರ ಮಾತ್ರ ಉಬ್ಬುವುದು, ಇನ್ನೊಂದು ಅಡಗುವುದು ಇದ್ದರೆ ಆ ಪೆಟ್ಟಿಗೆ ಬೇಡ. ನೀವು ಎರಡು ಮೂರು ಮೀಟರ್ ದೂರ ನಿಂತು ಕೇಳಿ. ಸಂಗೀತ ಗೊತ್ತಿಲ್ಲವೆಂದು ಹಿಂಜರಿಯಬೇಡಿ, ಒಂದು ಸ್ವರದಿಂದ ಮುಂದಿನದಕ್ಕೆ ಹೋದದ್ದು ನಿಮಗೆ ಸ್ಪಷ್ಟವಾಗಿ ತಿಳಿದರೆ ಆ ಆಂಪ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಕಡೆಗೆ ಅವಳೇ ಅದನ್ನು ಎತ್ತಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಇಳಿಯಲಿ.

ನಿಮ್ಮ ಮನೆಯ ಕೋಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಒಳ್ಳೆಯ ಆಂಪನ್ನು ತಂದು ಅದನ್ನೇ ದೂರುವಂತಾಗುತ್ತದೆ. ಎದುರುಬದುರು ಗೋಡೆಗಳ ನಡುವೆ ದನಿಯ ಅಲೆ ಹಿಂದಕ್ಕೂ ಮುಂದಕ್ಕೂ ಹೊಡೆದು, ಕೋಣೆಯ ಅಳತೆಗೆ ಹೊಂದುವ ಸ್ವರವನ್ನು ಮಾತ್ರ ಉಬ್ಬಿಸುತ್ತದೆ. 10 ಅಡಿ ಅಂತರಕ್ಕೆ ಆ ಸ್ವರ ಸುಮಾರು 56 ಹರ್ಟ್ಸ್, ಅಂದರೆ ಹೆಚ್ಚು ಕಡಿಮೆ ಎಲ್ಲೂ ಒತ್ತದೆ ಮೀಟಿದ ಎ ತಂತಿಯೇ. 12 ಅಡಿಗೆ ಅದು 47ರ ಆಸುಪಾಸು. ಇ ತಂತಿಯ ಎರಡನೆಯ ಫ್ರೆಟ್ ಅಲ್ಲೇ ಇದೆ. ಮೂಲೆಯಲ್ಲಿ ಇಟ್ಟರೆ ಈ ಉಬ್ಬರ ಇನ್ನೂ ಹೆಚ್ಚು, ನೆಲಕ್ಕೆ ತಾಗಿಸಿಟ್ಟರೆ ನಡುಕ ನೇರವಾಗಿ ಕೆಳಗಿನ ಮನೆಯವರ ಸೂರಿಗೆ ಇಳಿಯುತ್ತದೆ. ಮೂಲೆಯಿಂದ ಈಚೆಗೆ ಎಳೆದು, ಗಟ್ಟಿ ಕುರ್ಚಿಯ ಮೇಲೆ ದಪ್ಪ ಮ್ಯಾಟ್ ಹಾಸಿ, ಸ್ಪೀಕರ್ ಕಿವಿಯ ಕಡೆಗೆ ಮುಖ ಮಾಡುವಂತೆ ಇಡಿ. ಕಡಿಮೆ ದನಿಯಲ್ಲೇ ಹೆಚ್ಚು ಕೇಳಿಸುತ್ತದೆ. ತಗ್ಗು ಸ್ವರಗಳನ್ನು ಪರದೆ ಹಾಸಿಗೆಗಳು ತಡೆಯುವುದಿಲ್ಲವಾದ್ದರಿಂದ ರಾತ್ರಿ ಎಂಟರ ಮೇಲೆ ಹೆಡ್‌ಫೋನ್ ಹಾಕಿಕೊಳ್ಳಲಿ. ಹಾಡಿನ ಜೊತೆ ಅಭ್ಯಾಸ ಮಾಡಲು ಫೋನ್ ಜೋಡಿಸುವ ಆಕ್ಸ್ ಇನ್‌ಪುಟ್ ಇದೆಯೇ ಎಂಬುದನ್ನೂ ಕೊಳ್ಳುವಾಗಲೇ ನೋಡಿಕೊಳ್ಳಿ.

ಹೊಸದಕ್ಕೆ ಹಣ ಸಾಲದಿದ್ದರೆ ಬಳಸಿದ 10 ಇಂಚಿನದನ್ನು ಕೊಳ್ಳಿ, ಹೊಸ 8 ಇಂಚಿನದನ್ನಲ್ಲ. ಜಾಲರಿ ಬಿಚ್ಚಿಸಿ, ಕೋನ್‌ನ ಸುತ್ತಲಿನ ಅಂಚು ಬಿರಿದಿದೆಯೇ ನೋಡಿ. ವಿದ್ಯುತ್ ಆರಿಸಿ, ಎರಡೂ ಕೈಯ ಬೆರಳುಗಳಿಂದ ಕೋನ್ ಅನ್ನು ಸಮನಾಗಿ ಮೆಲ್ಲಗೆ ಒಳಗೆ ಒತ್ತಿದಾಗ ಕರಕರ ಸದ್ದು ಬಂದರೆ ಒಳಗಿನ ಸುರುಳಿ ಉಜ್ಜುತ್ತಿದೆ ಎಂದರ್ಥ, ಅಂಥದನ್ನು ಬಿಟ್ಟುಬಿಡಿ. ಗುಂಡಿ ತಿರುಗಿಸುವಾಗ ಬರುವ ಚರಚರ ಸದ್ದಿಗೆ ಹೆದರಬೇಕಿಲ್ಲ, ಅದು ಧೂಳಿನದು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಬಹುತೇಕ ಹೋಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಣ್ಣನವರು ತಾವು ಬಳಸುತ್ತಿದ್ದ ಬೇಸ್ ಕಾಂಬೊವನ್ನು ನನಗೆಂದು ತಂದುಕೊಟ್ಟಿದ್ದಾರೆ. ಹಿಂದೆ 120 ವೋಲ್ಟ್, 60 ಹರ್ಟ್ಸ್, 90 ವ್ಯಾಟ್ ಎಂದು ಬರೆದಿದೆ. ಪಿನ್ ಬದಲಿಸುವ ಅಡಾಪ್ಟರ್ ಹಾಕಿದರೆ ಸಾಕು ಎಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ಹೇಳಿದರು. ಹಾಗೆ ಮಾಡಬಹುದೆ?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ದಯವಿಟ್ಟು ಮಾಡಬೇಡಿ. ನಮ್ಮ ಮನೆಯ ವಿದ್ಯುತ್ 230 ವೋಲ್ಟ್. ಆ ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಚುಚ್ಚಿದ ಕ್ಷಣವೇ ಫ್ಯೂಸ್ ಹೋದರೆ ನಿಮ್ಮ ಅದೃಷ್ಟ. ಹೋಗದಿದ್ದರೆ ಒಳಗಿನ ಭಾಗಗಳೇ ಸುಡುತ್ತವೆ. ಹಿಂಬದಿಯ ಪಟ್ಟಿಯಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಮಾತ್ರ ವೈರ್ ಬದಲಿಸಿದರೆ ಸಾಕಾಗುತ್ತಿತ್ತು. ಕೆಲವು ಆಂಪ್‌ಗಳಲ್ಲಿ 115 ಮತ್ತು 230ರ ನಡುವೆ ಸರಿಸುವ ಸ್ವಿಚ್ ಇರುತ್ತದೆ. ಅಂಥ ಕಡೆ ಸ್ವಿಚ್ ಜೊತೆಗೆ ಫ್ಯೂಸನ್ನೂ ಕೈಪಿಡಿಯಲ್ಲಿ ಹೇಳಿದ ಅಳತೆಯದಕ್ಕೆ ಬದಲಿಸಬೇಕು. ನಿಮ್ಮದರಲ್ಲಿ ಬರಿಯ 120 ಎಂದಿರುವುದರಿಂದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆಂಪ್ 90 ವ್ಯಾಟ್ ಎಳೆಯುವುದಾದರೆ 200 ವಿ.ಎ. (ಟ್ರಾನ್ಸ್‌ಫಾರ್ಮರ್‌ನ ಸಾಮರ್ಥ್ಯವನ್ನು ಹೇಳುವ ಅಳತೆ) ಅಥವಾ ಹೆಚ್ಚಿನದನ್ನು, ಅರ್ಥಿಂಗ್ ತಂತಿ ಎರಡೂ ಕಡೆ ಮುಂದುವರಿದಿರುವ ಮೂರು ಪಿನ್ನಿನದನ್ನೇ ತೆಗೆದುಕೊಳ್ಳಿ. ಪ್ರಯಾಣಿಕರಿಗೆಂದು ಮಾರುವ, ಅಂಗೈಯಲ್ಲಿ ಹಿಡಿಸುವ ಹಗುರ ಕನ್ವರ್ಟರ್‌ಗಳು ಕೂದಲು ಒಣಗಿಸುವ ಯಂತ್ರದಂಥವಕ್ಕೆ ಮಾಡಿದವು, ಆಂಪ್‌ಗೆ ಹೊಂದುವುದಿಲ್ಲ.

ಅರ್ಥಿಂಗ್ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಪೆಂಡಾಲುಗಳಲ್ಲಿ ಆಂಪ್ ಒಂದು ಲೈನಿನಿಂದ, ಮೈಕ್ ಸೆಟ್ ಇನ್ನೊಂದು ಲೈನಿನಿಂದ ವಿದ್ಯುತ್ ಪಡೆದಿದ್ದು ಒಂದರ ಅರ್ಥಿಂಗ್ ಸರಿಯಿಲ್ಲದಿದ್ದರೆ, ತಂತಿಯ ಮೇಲೆ ಕೈಯಿಟ್ಟುಕೊಂಡೇ ಮೈಕಿಗೆ ತುಟಿ ತಾಗಿಸಿದವರಿಗೆ ಷಾಕ್ ಹೊಡೆಯುತ್ತದೆ; ಪ್ರಾಣಕ್ಕೇ ಅಪಾಯವಾಗಬಹುದು. ಎರಡನ್ನೂ ಒಂದೇ ಸರಿಯಾದ ಲೈನಿನಿಂದ ಕೊಡಿಸಿ. ಗುಂಯ್ ಎಂಬ ಸದ್ದು ಬಂದಾಗ ಪ್ಲಗ್ಗಿನ ಮೂರನೆಯ ಪಿನ್ ಕಿತ್ತುಹಾಕುವ ಅಭ್ಯಾಸವನ್ನು ಅನೇಕ ಕಡೆ ಕಂಡಿದ್ದೇನೆ, ಕಂಡಲ್ಲೆಲ್ಲ ತಡೆದಿದ್ದೇನೆ. ಆ ಸದ್ದನ್ನು ನಿಲ್ಲಿಸಲು ಡಿ.ಐ. ಔಟ್‌ಪುಟ್ ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇರುತ್ತದೆ, ಅದನ್ನು ಬಳಸಿ. ಅದು ಮಿಕ್ಸರ್‌ಗೆ ಹೋಗುವ ಕೇಬಲ್ಲಿನ ನೆಲತಂತಿಯನ್ನು ಮಾತ್ರ ಬಿಡಿಸುತ್ತದೆ, ಆಂಪ್‌ನ ಅರ್ಥಿಂಗ್ ಹಾಗೆಯೇ ಉಳಿಯುತ್ತದೆ.

ಪ್ರಶ್ನೆ: ನಾನು ಚರ್ಚ್‌ನ ಗಾಯನವೃಂದದಲ್ಲಿ ಐದು ತಂತಿಯ ಬೇಸ್ ನುಡಿಸುತ್ತೇನೆ. ಚಿಕ್ಕ ಕಾಂಬೊದಲ್ಲಿ ಬಿ ತಂತಿ ಬರಿಯ ಗೊಣಗಾಟವಾಗಿ ಕೇಳಿಸುತ್ತದೆ. ಬೇಸ್ ಗುಂಡಿ ಪೂರ್ತಿ ಏರಿಸಿದರೂ ಸರಿಹೋಗಲಿಲ್ಲ. ದೊಡ್ಡ ಆಂಪ್ ಕೊಳ್ಳಲೇಬೇಕೆ?
(ಓದುಗರೊಬ್ಬರು, ಮಂಗಳೂರು)

ಉತ್ತರ: ಗುಂಡಿಯನ್ನು ಏರಿಸಿದ್ದರಿಂದಲೇ ಗೊಣಗಾಟ ಹೆಚ್ಚಿದೆ. ಐದನೆಯ ತಂತಿಯ ಬಿ ಸುಮಾರು 31 ಹರ್ಟ್ಸ್. ಚಿಕ್ಕ ಸ್ಪೀಕರ್ ಅದನ್ನು ಕೊಡಲಾರದು. ಕೊಡಲು ಹೆಣಗುವ ಭರದಲ್ಲಿ ಕೋನ್ ಹಿಂದೆ ಮುಂದೆ ಓಲಾಡಿ ಮೇಲಿನ ಸ್ವರಗಳನ್ನೂ ಕೆಡಿಸುತ್ತದೆ. ಬೇಸ್ ಗುಂಡಿಯನ್ನು ನಡುವಿಗಿಂತ ಸ್ವಲ್ಪ ಕೆಳಗಿಳಿಸಿ, ಲೋ-ಮಿಡ್ ಗುಂಡಿಯನ್ನು ಸ್ವಲ್ಪ ಮೇಲೇರಿಸಿ ನೋಡಿ. 62 ಮತ್ತು 93 ಹರ್ಟ್ಸ್‌ನ ಮೇಲ್ಸ್ವರಗಳು ತೆರವಾಗಿ ಕೇಳಿಸಿದಾಗ ತಗ್ಗಿನ ಬಿ ತಾನೇ ಮೂಡಿದಂತೆ ಭಾಸವಾಗುತ್ತದೆ. ಚರ್ಚ್‌ನಲ್ಲಿ ಮೈಕ್ ಸೆಟ್ ಇದ್ದೇ ಇರುತ್ತದೆಯಾದ್ದರಿಂದ ಡಿ.ಐ. ಮೂಲಕ ಅಲ್ಲಿಗೆ ಕೊಡಿ. ಎತ್ತರದ ಸೂರಿನ ಚರ್ಚ್‌ಗಳಲ್ಲಿ ದನಿಯ ಅನುರಣನ ಬಹಳ ಹೊತ್ತು ನಿಲ್ಲುವುದರಿಂದ, ಅಲ್ಲಿ ಮಂದ್ರ ಸ್ವಲ್ಪ ಕಡಿಮೆ ಇದ್ದಷ್ಟೂ ಹಾಡುವವರ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಬಯಲಿನಲ್ಲಿ ಮೈಕ್ ಸೆಟ್ ಇಲ್ಲದೆ ಬಿ ತಂತಿ ನುಡಿಸುವ ಅಗತ್ಯ ಬಂದರೆ ಮಾತ್ರ 15 ಇಂಚಿನದರ ಬಗ್ಗೆ ಯೋಚಿಸಿ.

ಪ್ರಶ್ನೆ: ಗೆಳೆಯನ 10 ವ್ಯಾಟ್‌ನ ಗಿಟಾರ್ ಆಂಪ್‌ಗೆ ಬೇಸ್ ಜೋಡಿಸಬಹುದೆ? ಮನೆಯಲ್ಲಿರುವ ಬ್ಲೂಟೂತ್ ಸ್ಪೀಕರ್‌ನಲ್ಲಿ ನುಡಿಸಲು ಸಾಧ್ಯವೆ?
(ವಿದ್ಯಾರ್ಥಿಯೊಬ್ಬರು, ಕಲಬುರಗಿ)

ಉತ್ತರ: ಗಿಟಾರ್ ಆಂಪ್‌ಗೆ ಜೋಡಿಸಿ ಮೆಲುದನಿಯಲ್ಲಿ ನುಡಿಸಿದರೆ ಏನೂ ಆಗುವುದಿಲ್ಲ. ದನಿ ಏರಿಸಿದರೆ ಅದರ ಕೋನ್ ಹರಿಯಬಹುದು, ಏಕೆಂದರೆ ಅದು 82 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆಂದು ಮಾಡಿದ್ದಲ್ಲ. ಗೆಳೆಯನ ವಸ್ತುವಾದ್ದರಿಂದ ಇನ್ನಷ್ಟು ಜಾಗ್ರತೆ ಬೇಕು. ಕೀಬೋರ್ಡ್ ಆಂಪ್ ಸಿಕ್ಕರೆ ಅದು ಇದಕ್ಕಿಂತ ಎಷ್ಟೋ ಮೇಲು. ಬ್ಲೂಟೂತ್‌ನಲ್ಲಿ ನುಡಿಸಿದ ಸ್ವರ ಕಿವಿಗೆ ತಲುಪುವಷ್ಟರಲ್ಲಿ ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗ ಅಥವಾ ಇನ್ನೂ ಹೆಚ್ಚು ತಡವಾಗುತ್ತದೆ. ತಾಳ ಹಿಡಿಯಬೇಕಾದ ವಾದ್ಯಕ್ಕೆ ಅದು ಒಗ್ಗುವುದೇ ಇಲ್ಲ. ಆ ಸ್ಪೀಕರ್‌ಗೆ ವೈರ್ ಚುಚ್ಚುವ ಆಕ್ಸ್ ಜ್ಯಾಕ್ ಇದ್ದರೆ, ಬೇಸ್‌ಗೆ ನೇರವಾಗಿ ಸಿಕ್ಕಿಸುವ ಪುಟ್ಟ ಹೆಡ್‌ಫೋನ್ ಆಂಪ್ ಒಂದನ್ನು ಕೊಂಡು ಅದರಿಂದ ವೈರ್ ಎಳೆಯಿರಿ. ಹಣ ಕೂಡುವವರೆಗೆ ಅದರಲ್ಲೇ ಅಭ್ಯಾಸ ಚೆನ್ನಾಗಿ ಸಾಗುತ್ತದೆ, ಮುಂದೆ ಕಾಂಬೊ ಕೊಂಡ ಮೇಲೂ ರಾತ್ರಿಯ ಅಭ್ಯಾಸಕ್ಕೆ ಆ ಹೆಡ್‌ಫೋನ್ ಆಂಪ್ ಒದಗುತ್ತದೆ.